ಬರಹೇಳಿ ಬಾಗಿಲು ಹಾಕಿಕೊಂಡರೆ

ಪಾಂಡವಪುರದ ಕಡೆ ಒಂದು ಮದುವೆ ಗೊತ್ತಾಯಿತೆಂದರೆ ಮೊದಲು ಛತ್ರಕ್ಕೆ ಮುಂಗಡ ಹೋಗುತ್ತದೆ. ಆಮೇಲೆ ಅಡುಗೆಯವರಿಗೆ, ವಾಲಗದವರಿಗೆ, ಶಾಮಿಯಾನದವರಿಗೆ, ಫೋಟೊ ವಿಡಿಯೊದವರಿಗೆ. ಇವರಿಗೆಲ್ಲ ಕೈಯಲ್ಲಿ ಇಷ್ಟು ದುಡ್ಡಿಟ್ಟು, ಎಲೆ ಅಡಿಕೆ ಕೊಟ್ಟು ದಿನ ಹಿಡಿಯುತ್ತಾರೆ. ಮದುಮಗಳಿಗೆ ಅಲಂಕಾರ ಮಾಡುವ ಹುಡುಗಿಗೆ ಮಾತ್ರ ಫೋನಿನಲ್ಲಿ ಒಂದು ಮಾತು: ‘ಅವತ್ತು ಬಂದ್ಬಿಡಮ್ಮ, ನೋಡಿ ಕೊಡೋಣ.’ ಆ ಮಾತು ನಂಬಿ ಅವಳು ಅದೇ ದಿನಕ್ಕೆ ಬಂದ ಬೇರೆ ಕೆಲಸಗಳನ್ನು ಬಿಡುತ್ತಾಳೆ. ಹಿಂದಿನ ರಾತ್ರಿ ಫೋನ್ ಬರುತ್ತದೆ, ‘ಗಂಡಿನ ಕಡೆಯವರೇ ಮೈಸೂರಿಂದ ಯಾರನ್ನೋ ಕರೆಸ್ತಾರಂತೆ ಕಣಮ್ಮ.’ ಕೆಲವರು ಅಷ್ಟನ್ನೂ ಹೇಳುವುದಿಲ್ಲ. ಫೋನ್ ಸ್ವಿಚ್ ಆಫ್.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಬ್ಯಾಗು ಹಿಡಿದು ಮನೆಮನೆಗೆ ಹೋಗಿ ಐಬ್ರೋ, ಫೇಶಿಯಲ್, ವ್ಯಾಕ್ಸಿಂಗ್ ಮಾಡುವ, ಮೆಹಂದಿ ಹಾಕುವ, ಸೀರೆ ಉಡಿಸುವ, ಮದುಮಗಳ ಮೇಕಪ್ ಮಾಡುವ ಹೆಣ್ಣುಮಕ್ಕಳಿಗಾಗಿ ಈ ಲೇಖನ. ಅಂಗಡಿ ಇಟ್ಟವರಿಗೆ ಒಬ್ಬ ಗಿರಾಕಿ ಬಾರದಿದ್ದರೆ ಇನ್ನೊಬ್ಬರು ಬರುತ್ತಾರೆ. ಊರೂರು ಸುತ್ತುವವರಿಗೆ ಹಾಗಲ್ಲ, ಬೀಗ ಹಾಕಿದ ಒಂದು ಮನೆ ಅರ್ಧ ದಿನವನ್ನೇ ನುಂಗುತ್ತದೆ. ಇದಕ್ಕೆ ಪರಿಹಾರ ಹುಡುಕಲು ದೂರ ಹೋಗಬೇಕಿಲ್ಲ. ವಾಲಗದವರ ದಿನವನ್ನು ನಮ್ಮ ಊರುಗಳು ಹೇಗೆ ಮುಂಗಡ ಕೊಟ್ಟು ಹಿಡಿಯುತ್ತವೋ ನಿಮ್ಮ ದಿನವನ್ನೂ ಹಾಗೆಯೇ ಹಿಡಿಯಬೇಕು. ಅದನ್ನು ನೀವು ದಾಕ್ಷಿಣ್ಯ ಬಿಟ್ಟು ಕೇಳಬೇಕು.

ಮೊದಲು ನಷ್ಟವನ್ನು ಕಾಗದದ ಮೇಲೆ ಬರೆದು ನೋಡಿ. ಶ್ರೀರಂಗಪಟ್ಟಣದಲ್ಲಿ ಮನೆ, ಕೆಲಸ ಕಿಕ್ಕೇರಿಯ ಆಚೆಯ ಹಳ್ಳಿಯಲ್ಲಿ ಎಂದಿಟ್ಟುಕೊಳ್ಳಿ. ಹೋಗಿ ಬರಲು ನೂರು ಕಿಲೋಮೀಟರು ದಾಟುತ್ತದೆ. ಸ್ಕೂಟರ್ ಲೀಟರಿಗೆ ನಲವತ್ತೈದು ಕೊಟ್ಟರೂ ಪೆಟ್ರೋಲಿಗೇ ಇನ್ನೂರು ರೂಪಾಯಿಗೂ ಹೆಚ್ಚು. ಅದರ ಮೇಲೆ ಮೂರು ಗಂಟೆಯ ದಾರಿ, ಆ ದಿನಕ್ಕೆ ಬಿಟ್ಟುಕೊಟ್ಟ ಇನ್ನೊಂದು ಕೆಲಸ, ಜೊತೆಗೆ ಬಂದ ಹುಡುಗಿಯ ಕೂಲಿ.

ಬಸ್ಸಿನಲ್ಲಿ ಓಡಾಡುವವರು ಇನ್ನೊಂದು ಮಾತನ್ನೂ ಕೇಳಿಸಿಕೊಳ್ಳಬೇಕಾಗುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಉಚಿತ. ಅದನ್ನೇ ಹಿಡಿದು ‘ಬಸ್ ಫ್ರೀ ತಾನೆ, ಬಂದುಹೋಗೋಕೆ ಯಾಕೆ ದುಡ್ಡು?’ ಎನ್ನುವವರಿದ್ದಾರೆ. ಸರ್ಕಾರ ಬಿಟ್ಟಿರುವುದು ಟಿಕೆಟ್ಟಿನ ಹಣವನ್ನು. ಬಸ್ ಸ್ಟ್ಯಾಂಡಿನಲ್ಲಿ ಕಾದ ಹೊತ್ತಿಗೆ, ಗೇಟಿನಲ್ಲಿ ಇಳಿದು ಬ್ಯಾಗು ಹೊತ್ತು ನಡೆದ ದಾರಿಗೆ ಯಾರೂ ಕೊಡುವುದಿಲ್ಲ. ಹಾಗಾಗಿ ಬಸ್ಸಿನಲ್ಲಿ ಹೋದರೂ ‘ಬಂದುಹೋಗುವ ಖರ್ಚು’ ಎಂದು ಒಂದು ಮೊತ್ತ ಇಟ್ಟುಕೊಳ್ಳಿ. ದೂರ ಹೆಚ್ಚಿದಂತೆ ಅದೂ ಹೆಚ್ಚಲಿ.

ಇನ್ನು ಸಾಮಾನಿನ ನಷ್ಟ. ಮೊಗ್ಗಿನ ಜಡೆ ಒಪ್ಪಿಕೊಂಡಿದ್ದರೆ ಹಿಂದಿನ ದಿನವೇ ಮಲ್ಲಿಗೆ ಮೊಗ್ಗು ತಂದು, ರಾತ್ರಿ ಕೂತು ಪೋಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿರುತ್ತೀರಿ. ಬೆಳಿಗ್ಗೆ ಬೇಡವೆಂದರೆ ಅದನ್ನು ಇನ್ನೊಬ್ಬರಿಗೆ ಮುಡಿಸುವಂತಿಲ್ಲ. ಮನೆಯಲ್ಲೇ ಕಲಸಿ ತುಂಬಿದ ಮೆಹಂದಿ ಕೋನ್ ಹೊರಗಿಟ್ಟರೆ ಕೆಲವೇ ದಿನಗಳಲ್ಲಿ ಕೆಂಪು ಹತ್ತಿಸುವ ಶಕ್ತಿ ಕಳೆದುಕೊಳ್ಳುತ್ತದೆ. ರಾತ್ರಿಯೇ ನೆರಿಗೆ ಹಿಡಿದು ಇಸ್ತ್ರಿ ಹಾಕಿ ಪಿನ್ನು ಚುಚ್ಚಿಟ್ಟ ಸೀರೆಯ ಕೆಲಸ ಆಗಲೇ ಆಗಿಹೋಗಿರುತ್ತದೆ. ಆದ್ದರಿಂದ ದಿನ ಹಿಡಿದಿದ್ದಕ್ಕೆ ಒಂದು ಹಣ, ಸಾಮಾನಿಗೆ ಇನ್ನೊಂದು ಹಣ ಎಂದು ಎರಡನ್ನೂ ಬೇರೆಬೇರೆಯಾಗಿಯೇ ಹೇಳಿ, ಬೇರೆಬೇರೆಯಾಗಿಯೇ ಬರೆಯಿರಿ. ಮುಂದೆ ಮಾತುಕತೆ ಬಂದಾಗ ಇದು ಬಹಳ ನೆರವಾಗುತ್ತದೆ.

ತಪ್ಪಿಸುವವರು ಯಾಕೆ ತಪ್ಪಿಸುತ್ತಾರೆ

ಬೇಕೆಂದೇ ಮೋಸ ಮಾಡುವವರು ಕಡಿಮೆ. ಹೆಚ್ಚಿನವರ ಹಿಂದೆ ಒಂದು ಕಾರಣ ಇರುತ್ತದೆ. ಆ ಕಾರಣ ಗೊತ್ತಿದ್ದರೆ ಅರ್ಧ ತೊಂದರೆಯನ್ನು ಹಿಂದಿನ ದಿನವೇ ತಪ್ಪಿಸಬಹುದು.

ಹಳ್ಳಿಯ ಎಷ್ಟೋ ಮನೆಗಳಲ್ಲಿ ಸೊಸೆ ಫೇಶಿಯಲ್ ಮಾಡಿಸಿಕೊಳ್ಳುವುದು ಅತ್ತೆಗೆ ಗೊತ್ತಿರುವುದಿಲ್ಲ. ಅತ್ತೆ ತವರಿಗೆ ಹೋಗುವ ದಿನ ನೋಡಿ ಕರೆದಿರುತ್ತಾಳೆ. ಅತ್ತೆ ಹೋಗಲಿಲ್ಲ ಎಂದರೆ ಬಾಗಿಲು ತೆಗೆಯಲು ಅವಳಿಗೆ ಧೈರ್ಯ ಸಾಲದು, ಫೋನ್ ಎತ್ತಲೂ ಆಗದು. ಇನ್ನು ಕೆಲವರು ಕೊಟ್ಟ ನಂಬರ್ ಗಂಡನದೋ ಮಗನದೋ ಆಗಿರುತ್ತದೆ. ಅವನು ಕೆಲಸಕ್ಕೆ ಹೋದರೆ ಫೋನೂ ಹೋಯಿತು. ಬುಕಿಂಗ್ ತೆಗೆದುಕೊಳ್ಳುವಾಗಲೇ ಮೆತ್ತಗೆ ಕೇಳಿಬಿಡಿ: ‘ಅಕ್ಕ, ಈ ನಂಬರ್ ನಿಮ್ಮ ಹತ್ರಾನೇ ಇರುತ್ತಾ? ಮನೇಲಿ ಎಲ್ರಿಗೂ ಗೊತ್ತಾ, ಇಲ್ಲ ನೀವೊಬ್ರೇ ಇದ್ದಾಗ ಬರ್ಲಾ?’ ಇಷ್ಟು ಕೇಳಿದರೆ ಆಕೆಗೂ ನಿರಾಳ.

ಎರಡನೆಯದು ಹೊಲಗದ್ದೆ. ಕನ್ನಂಬಾಡಿಯಿಂದ ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟರೆ ಶ್ರೀರಂಗಪಟ್ಟಣ, ಪಾಂಡವಪುರದ ಗದ್ದೆಗಳಲ್ಲಿ ನಾಟಿ ಶುರು. ಆ ವಾರಗಳಲ್ಲಿ ಹಗಲು ಹೊತ್ತು ಮನೆಯಲ್ಲಿ ಹೆಂಗಸರು ಸಿಗುವುದಿಲ್ಲ. ಕೆ.ಆರ್. ಪೇಟೆಯ ಹೇಮಾವತಿ ನಾಲೆಯ ಬಯಲಿನಲ್ಲೂ ಅಷ್ಟೆ. ನಾಗಮಂಗಲದ ಬಹುಪಾಲು ಮಳೆ ನಂಬಿದ ರಾಗಿ ಹೊಲ. ಅಲ್ಲಿ ಹದ ಮಳೆ ಬಿದ್ದ ಮರುದಿನ ಯಾವ ಬುಕಿಂಗೂ ನಿಲ್ಲುವುದಿಲ್ಲ. ಇಂಥ ದಿನಗಳಲ್ಲಿ ಮಧ್ಯಾಹ್ನ ಮೂರರ ಮೇಲಿನ ಹೊತ್ತನ್ನೇ ಕೊಡಿ.

ಮೂರನೆಯದು ಸೂತಕ. ದಾಯಾದಿಗಳ ಮನೆಯಲ್ಲಿ ಸಾವಾದರೆ ಮದುವೆಯೇ ಮುಂದಕ್ಕೆ ಹೋಗುತ್ತದೆ. ಮುಟ್ಟಿನ ದಿನ ಬಂತೆಂದು ಗೃಹಪ್ರವೇಶಕ್ಕೋ ದೇವಸ್ಥಾನದ ಪೂಜೆಗೋ ಕೂರದೆ ಉಳಿಯುವವರೂ ಇದ್ದಾರೆ. ಅವರು ಕಾರಣ ಹೇಳಲು ಸಂಕೋಚಪಟ್ಟು ಸುಮ್ಮನಾಗುತ್ತಾರೆ. ಕಾರಣ ಕೇಳದೆ ಒಂದು ಸಲ ದಿನ ಬದಲಾಯಿಸಿಕೊಡುತ್ತೇನೆ ಎಂದು ಮೊದಲೇ ಹೇಳಿಟ್ಟರೆ ಆಕೆ ಫೋನ್ ಮಾಡುತ್ತಾಳೆ, ನಿಮ್ಮ ದಾರಿ ಉಳಿಯುತ್ತದೆ. ಇದೊಂದು ನಿಯಮವನ್ನು ಬೇರೆಲ್ಲದಕ್ಕಿಂತ ಮೊದಲು ಜಾರಿಗೆ ತನ್ನಿ ಎನ್ನುತ್ತೇನೆ.

ನೆನಪಿಸುವ ಫೋನಿಗೂ ಒಂದು ಹೊತ್ತಿದೆ. ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕುವ ಹೊತ್ತಿನಲ್ಲಿ ಮಾಡಿದರೆ ಯಾರೂ ಎತ್ತುವುದಿಲ್ಲ. ಹಿಂದಿನ ಸಂಜೆ ಹಾಲು ಹಾಕಿ ಬಂದು, ಇನ್ನೂ ಊಟಕ್ಕೆ ಕೂರದ ಹೊತ್ತಿಗೆ ಮಾಡಿ. ‘ನಾಳೆ ಬರ್ಲಾ?’ ಎಂದು ಕೇಳಬೇಡಿ, ‘ನಾಳೆ ಹತ್ತೂವರೆಗೆ ನಿಮ್ಮ ಮನೇಲಿರ್ತೀನಿ, ಬಿಸಿನೀರು ಕಾಯ್ಸಿಟ್ಟಿರಿ ಅಕ್ಕ’ ಎನ್ನಿ. ಮಾಡಿಟ್ಟುಕೊಳ್ಳಲು ಒಂದು ಸಣ್ಣ ಕೆಲಸ ಹೇಳಿದರೆ ಆಕೆಗೆ ದಿನ ಮರೆಯುವುದಿಲ್ಲ. ಬೆಳಿಗ್ಗೆ ಮನೆ ಬಿಡುವಾಗ ಇನ್ನೊಂದು ಮಿಸ್ಡ್ ಕಾಲ್. ಅದಕ್ಕೆ ಉತ್ತರ ಬಾರದಿದ್ದರೆ ಹತ್ತು ಕಿಲೋಮೀಟರಿಗಿಂತ ದೂರದ ಹಾದಿಗೆ ಗಾಡಿ ತೆಗೆಯಬೇಡಿ.

ವಿಳಾಸ, ದಾರಿ, ಲಗ್ನಪತ್ರಿಕೆ

ಹೊಸಹಳ್ಳಿ, ಹೊಸೂರು ಎನ್ನುವ ಹೆಸರಿನ ಊರು ನಮ್ಮಲ್ಲಿ ಒಂದೆರಡಲ್ಲ. ಊರಿನ ಜೊತೆ ಹೋಬಳಿ ಕೇಳಿ: ಚಿನಕುರಳಿಯೋ ಮೇಲುಕೋಟೆಯೋ, ಬೂಕನಕೆರೆಯೋ ಶೀಳನೆರೆಯೋ, ದೇವಲಾಪುರವೋ ಬಿಂಡಿಗನವಿಲೆಯೋ. ಮನೆಯ ಗುರುತು ಕೇಳಿ, ಅದೇ ಮನೆಯ ಇನ್ನೊಬ್ಬ ಹೆಣ್ಣುಮಗಳ ನಂಬರ್ ಕೇಳಿ. ವಾಟ್ಸ್ಆ್ಯಪ್ ಇದ್ದರೆ ಲೊಕೇಶನ್ ತರಿಸಿಕೊಳ್ಳಿ.

ಮದುವೆಯ ಕೆಲಸವಾದರೆ ಲಗ್ನಪತ್ರಿಕೆಯ ಫೋಟೊ ತರಿಸಿಕೊಳ್ಳುವುದು ಎಲ್ಲಕ್ಕಿಂತ ಗಟ್ಟಿ. ಹಿಂದಿನ ಸಂಜೆಯ ಆರತಕ್ಷತೆ, ಬೆಳಗಿನ ಮುಹೂರ್ತ, ಛತ್ರದ ಹೆಸರು ಎಲ್ಲವೂ ಅದರಲ್ಲೇ ಇರುತ್ತದೆ. ಮುಹೂರ್ತ ಏಳು ಗಂಟೆಗೆ ಇದ್ದರೆ ನೀವು ನಾಲ್ಕಕ್ಕೆ ಕೂರಬೇಕು. ಹಾಗಾದರೆ ರಾತ್ರಿ ಎಲ್ಲಿ ಮಲಗುವುದು, ಛತ್ರದಲ್ಲಿ ಕೋಣೆ ಕೊಡುತ್ತಾರೋ, ಕರೆಂಟ್ ಹೋದರೆ ಜನರೇಟರ್ ಇದೆಯೋ, ಇಷ್ಟನ್ನೂ ಅದೇ ಫೋನಿನಲ್ಲಿ ಮುಗಿಸಿ. ಪತ್ರಿಕೆ ಅಚ್ಚಾಗಿಲ್ಲ, ಛತ್ರ ಗೊತ್ತಾಗಿಲ್ಲ ಎನ್ನುವವರ ದಿನವನ್ನು ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳಿ, ಪೆನ್ನಿನಲ್ಲಿ ಬೇಡ.

ಸಣ್ಣ ಕೆಲಸಗಳನ್ನು ದಾರಿಯ ಪ್ರಕಾರ ಕೂಡಿಸಿ. ಪಾಂಡವಪುರ, ಜಕ್ಕನಹಳ್ಳಿ, ಮೇಲುಕೋಟೆ, ನಾಗಮಂಗಲ ಒಂದು ಸಾಲು. ಪಾಂಡವಪುರ, ಚಿನಕುರಳಿ, ಕೆ.ಆರ್. ಪೇಟೆ ಇನ್ನೊಂದು. ಗಂಜಾಂ, ಕಿರಂಗೂರು, ಅರಕೆರೆ ಮೂರನೆಯದು. ವಾರದಲ್ಲಿ ಒಂದೊಂದು ಸಾಲಿಗೆ ಒಂದೊಂದು ದಿನ ಗೊತ್ತುಮಾಡಿ ಗಿರಾಕಿಗಳಿಗೂ ಹೇಳಿಬಿಡಿ. ಒಂದು ಮನೆ ತಪ್ಪಿದರೂ ಅದೇ ದಾರಿಯ ಮುಂದಿನ ಮನೆ ಇರುತ್ತದೆ. ಮಂಡ್ಯದ ಕಡೆಯಿಂದ ಸ್ಕೂಟರಿನಲ್ಲಿ ಬರುವವರು ನೆನಪಿಡಿ: 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯರಸ್ತೆಯಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಬರಬೇಕು, ಹೊತ್ತು ಹೆಚ್ಚು ಹಿಡಿಯುತ್ತದೆ. ವೈರಮುಡಿಯ ದಿನ ಮೇಲುಕೋಟೆಯ ಸುತ್ತ, ಶ್ರೀರಂಗಪಟ್ಟಣ ದಸರಾ ಮೆರವಣಿಗೆಯ ದಿನ ಕಿರಂಗೂರಿನ ಸುತ್ತ ಸಣ್ಣ ಕೆಲಸ ಒಪ್ಪಿಕೊಳ್ಳದಿರುವುದೇ ಒಳ್ಳೆಯದು. ಗಿರಾಕಿಯೂ ಸಿಗುವುದಿಲ್ಲ, ದಾರಿಯೂ ಸಿಗುವುದಿಲ್ಲ.

ಮುಂಗಡ ಕೇಳುವ ಬಗೆ

ಕಷ್ಟ ಇರುವುದು ಇಲ್ಲಿ. ಕೇಳಬೇಕಾದವರು ನೆಂಟರು, ಪಕ್ಕದೂರಿನವರು, ಒಂದೇ ಸಂಘದಲ್ಲಿ ಉಳಿತಾಯ ಕಟ್ಟುವವರು. ‘ನಮ್ಮನ್ನೇ ನಂಬಲ್ವಾ?’ ಎಂಬ ಒಂದು ಮಾತಿಗೆ ಹೆದರಿ ಬಾಯಿ ಕಟ್ಟುತ್ತದೆ. ನಂಬಿಕೆಯ ಮಾತನ್ನೇ ತರಬೇಡಿ. ‘ಅತ್ತೆ, ಫೋಟೊದವರಿಗೆ ಕೊಟ್ಟ ಹಾಗೆ ನನಗೂ ದಿನ ಹಿಡಿದುಬಿಡಿ. ಅಡ್ವಾನ್ಸ್ ಬಂದ ದಿನದಿಂದ ಆ ತಾರೀಕು ನಿಮ್ಮದು, ಬೇರೆಯವರು ಎಷ್ಟೇ ಕೊಡ್ತೀನಿ ಅಂದ್ರೂ ಹೋಗಲ್ಲ’ ಎನ್ನಿ. ಇದರಲ್ಲಿ ಅವರಿಗೆ ಸಿಗುವ ಲಾಭ ಮೊದಲು ಕಾಣುತ್ತದೆ. ಮಗಳ ಮದುವೆಯ ಬೆಳಿಗ್ಗೆ ಬ್ಯೂಟಿಷಿಯನ್ ಬಾರದಿದ್ದರೆ ಏನು ಗತಿ ಎಂಬ ಹೆದರಿಕೆ ಅವರಿಗೂ ಇದೆ.

ಎಷ್ಟು ಕೇಳಬೇಕು? ವಾಡಿಕೆಯ ಗಿರಾಕಿಗೆ ಐಬ್ರೋ, ಫೇಶಿಯಲ್‌ಗೆಲ್ಲ ಮುಂಗಡ ಬೇಡ. ಹೊಸ ನಂಬರಿನಿಂದ ಬಂದ, ದೂರದ ಊರಿನ ಕೆಲಸಕ್ಕೆ ಬಂದುಹೋಗುವ ಖರ್ಚನ್ನಷ್ಟೇ ಮೊದಲು ಹಾಕಿಸಿಕೊಳ್ಳಿ. ಮದುಮಗಳ ಕೆಲಸಕ್ಕೆ ಮೂರು ಕಂತು ಮಾಡಿ. ದಿನ ಹಿಡಿಯಲು ಕಾಲುಭಾಗ, ಹದಿನೈದು ದಿನ ಮುಂಚೆ ಇನ್ನರ್ಧ, ಉಳಿದದ್ದು ಮದುಮಗಳು ಹಸೆಮಣೆಗೆ ಹೊರಡುವ ಮೊದಲು. ಧಾರೆಯಾದ ಮೇಲೆ ಹಣ ಕೊಡಬೇಕಾದವರು ಊಟದ ಪಂಕ್ತಿಯಲ್ಲೋ ಬೀಗರ ಉಪಚಾರದಲ್ಲೋ ಇರುತ್ತಾರೆ. ಆಗ ಹುಡುಕಿಕೊಂಡು ಹೋಗಿ ಕೇಳುವುದು ಇಬ್ಬರಿಗೂ ಮುಜುಗರ. ಕಾಸು ಕೊಡುವವರು ಯಾರು, ತಂದೆಯೋ ಸೋದರಮಾವನೋ ಎಂದು ಮೊದಲೇ ತಿಳಿದಿರಲಿ.

ಮದುವೆಗೆ ತಿಂಗಳ ಮುಂಚೆ ಟ್ರಯಲ್ ಇಟ್ಟುಕೊಳ್ಳಿ. ಒಮ್ಮೆ ಕನ್ನಡಿಯಲ್ಲಿ ತನ್ನ ಮುಖ ನೋಡಿ ಒಪ್ಪಿದ ಹುಡುಗಿ ಕೊನೆಯ ಗಳಿಗೆಯಲ್ಲಿ ಬೇರೆಯವರ ಕಡೆ ತಿರುಗುವುದು ಅಪರೂಪ. ಚರ್ಮಕ್ಕೆ ಯಾವುದು ಒಗ್ಗುವುದಿಲ್ಲ ಎಂಬುದೂ ಅದೇ ದಿನ ತಿಳಿಯುತ್ತದೆ. ಕೂದಲಿಗೆ ಬಣ್ಣ ಹಚ್ಚುವುದಿದ್ದರೆ 48 ಗಂಟೆ ಮೊದಲು ಸ್ವಲ್ಪ ಹಚ್ಚಿ ನೋಡಬೇಕು ಎಂದು ತಯಾರಕರೇ ಪ್ಯಾಕಿನ ಮೇಲೆ ಬರೆದಿರುತ್ತಾರೆ. ಅದನ್ನೂ ಬಿಡಬೇಡಿ.

ಹಣ ಬಂದ ಕೂಡಲೇ ಒಂದು ಸಂದೇಶ ಕಳಿಸಿ. ಉದ್ದ ಬೇಡ:

‘ಅಕ್ಕ, ಫೆಬ್ರವರಿ 14ರ ಮದುವೆ ಮೇಕಪ್‌ಗೆ 2,000 ರೂಪಾಯಿ ಅಡ್ವಾನ್ಸ್ ಬಂತು. ಒಟ್ಟು 8,000. ಮೊಗ್ಗಿನ ಜಡೆ ಹೂವಿನ ಖರ್ಚು ಬೇರೆ. 15 ದಿನ ಮುಂಚೆ ಹೇಳಿದ್ರೆ ಅಡ್ವಾನ್ಸ್ ಪೂರ್ತಿ ವಾಪಸ್. ಆಮೇಲೆ ಬೇಡ ಅಂದ್ರೆ ಅಡ್ವಾನ್ಸ್ ವಾಪಸ್ ಇಲ್ಲ, ದಿನ ಒಂದು ಸಲ ಬದಲಾಯಿಸ್ಕೋಬಹುದು. ಮನೇಲಿ ಸಾವು, ಆಸ್ಪತ್ರೆ ಅಂತ ಆದ್ರೆ ತಂದ ಸಾಮಾನಿನ ಖರ್ಚು ಬಿಟ್ಟು ಎಲ್ಲ ವಾಪಸ್. ನಾನು ಬರದಿದ್ರೆ ಪೂರ್ತಿ ವಾಪಸ್. ಸರಿ ಅಂತ ಒಂದು ಮಾತು ಹಾಕಿ.’

ಮೊತ್ತಗಳು ಬರೀ ಉದಾಹರಣೆಗೆ, ನಿಮ್ಮ ದರ ನಿಮ್ಮದು. ಆ ಕಡೆಯಿಂದ ‘ಸರಿ’ ಎಂದು ಬರುವವರೆಗೆ ಬಿಡಬೇಡಿ. ವಾಟ್ಸ್ಆ್ಯಪ್ ಇಲ್ಲದವರಿಗೆ ರಸೀದಿ ಪುಸ್ತಕದಲ್ಲಿ ಇದನ್ನೇ ಬರೆದು ಕೊಡಿ.

ಇದಕ್ಕೆ ಕಾನೂನಿನ ಬಲವೂ ಇದೆ, ಕಾನೂನಿನ ಮಿತಿಯೂ ಇದೆ. 1872ರ ಭಾರತೀಯ ಕರಾರು ಕಾಯ್ದೆಯಲ್ಲಿ ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ, ಸಾಬೀತು ಮಾಡುವುದು ಕಷ್ಟ ಅಷ್ಟೆ. ಮೊಬೈಲ್ ಸಂದೇಶದಲ್ಲಿ ಆದ ಒಪ್ಪಂದವನ್ನು ಆ ಕಾರಣಕ್ಕೇ ತಳ್ಳಿಹಾಕುವಂತಿಲ್ಲ ಎಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಂ ಹೇಳುತ್ತದೆ. ಆದರೆ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ, ತಪ್ಪಿದರೆ ಇಷ್ಟು ದಂಡ ಎಂದು ಬರೆದುಕೊಂಡಿದ್ದರೂ ಸಿಗುವುದು ಆ ಮೊತ್ತದ ಮಿತಿಯೊಳಗಿನ ನ್ಯಾಯವಾದ ಪರಿಹಾರ ಮಾತ್ರ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ನಷ್ಟಕ್ಕೆ ಮೀರಿದ ದಂಡ ಹೇರುವ ಕರಾರನ್ನು ಅನ್ಯಾಯದ ಕರಾರು ಎನ್ನುತ್ತದೆ. ‘ಬಾರದಿದ್ದರೆ ಪೂರ್ತಿ ಎಂಟು ಸಾವಿರ ಕೊಡಬೇಕು’ ಎಂಬಂಥ ನಿಯಮ ಬರೆಯಬೇಡಿ. ಎರಡು ಸಾವಿರಕ್ಕಾಗಿ ಕೋರ್ಟಿಗೆ ಹೋಗುವುದು ನಿಮಗೂ ಗಿಟ್ಟುವುದಿಲ್ಲ. ಮುಂಗಡ ಕೈಯಲ್ಲಿದ್ದರೆ ಹೋಗಬೇಕಾಗಿಯೂ ಇಲ್ಲ.

2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗ ‘ಫೋನ್‌ಪೇ ಬೇಡ, ಕ್ಯಾಶ್ ಕೊಡಿ’ ಎಂಬ ಹೆದರಿಕೆ ಹಬ್ಬಿತ್ತು. ನಿಮ್ಮಂಥ ಸೇವೆಯ ಕೆಲಸಕ್ಕೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಮಾತ್ರ ಜಿಎಸ್‌ಟಿ ನೋಂದಣಿ. ಅದಕ್ಕಿಂತ ಕಡಿಮೆ ದುಡಿಯುವವರು ಮುಂಗಡವನ್ನು ಯುಪಿಐನಲ್ಲೇ ತೆಗೆದುಕೊಳ್ಳಿ, ತಾರೀಕು ಸಮೇತ ದಾಖಲೆ ಉಳಿಯುತ್ತದೆ. ಒಂದು ಪುಸ್ತಕದಲ್ಲಿ ಲೆಕ್ಕವನ್ನೂ ಬರೆದಿಡಿ.

ಮುಂಗಡದ ಹೆಸರಿನಲ್ಲೇ ಮೋಸವೂ ನಡೆಯುತ್ತದೆ. ಹಣ ಹಾಕಿದ್ದೇನೆ ಎಂಬ ಸ್ಕ್ರೀನ್‌ಶಾಟ್ ನಂಬಬೇಡಿ, ಬ್ಯಾಂಕ್ ಖಾತೆ ನೋಡಿ. ‘ಎರಡು ಸಾವಿರದ ಬದಲು ಇಪ್ಪತ್ತು ಸಾವಿರ ಹೋಗಿಬಿಟ್ಟಿದೆ, ಉಳಿದದ್ದು ವಾಪಸ್ ಹಾಕಿ’ ಎಂದರೆ ಕರೆ ಕತ್ತರಿಸಿ. ಹಣ ಬರುವುದಕ್ಕೆ ಪಿನ್ ಒತ್ತಬೇಕಿಲ್ಲ, ಪಿನ್ ಕೇಳಿತೆಂದರೆ ಹಣ ಹೋಗುತ್ತಿದೆ ಎಂದೇ ಅರ್ಥ. ಕಳೆದುಕೊಂಡರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಕೆಆರ್‌ಎಸ್, ಬಲಮುರಿ ಕಡೆಯ ಲಾಡ್ಜು, ರೆಸಾರ್ಟುಗಳಿಂದ ಗಂಡಸರು ಕರೆ ಮಾಡಿದರೆ ಕೆಲಸ ಮಾಡಿಸಿಕೊಳ್ಳುವ ಹೆಣ್ಣುಮಗಳ ಜೊತೆಗೇ ಮಾತಾಡಿಸಿ ಎನ್ನಿ. ಮಾತಾಡಿಸದಿದ್ದರೆ ಹೋಗಬೇಡಿ. ಹೋದಾಗಲೂ ಒಬ್ಬರೇ ಬೇಡ, ಮನೆಯವರಿಗೆ ಲೈವ್ ಲೊಕೇಶನ್ ಕಳಿಸಿರಿ, 112 ನೆನಪಿರಲಿ.

ಬಾಗಿಲ ಮುಂದೆ ನಿಂತಾಗ

ಇಷ್ಟೆಲ್ಲ ಮಾಡಿಯೂ ಒಂದು ದಿನ ಬೀಗ ಕಾಣುತ್ತದೆ. ಮೊದಲು ಒಂದು ಸಂದೇಶ: ‘ಅಕ್ಕ, 10.35, ನಿಮ್ಮ ಮನೆ ಹತ್ರ ಇದ್ದೀನಿ.’ ಜೊತೆಗೆ ಲೊಕೇಶನ್. ಎರಡು ಸಲ ಫೋನ್, ಮನೆಯ ಇನ್ನೊಬ್ಬರ ನಂಬರಿಗೆ ಒಂದು ಸಲ. ಇಪ್ಪತ್ತು ನಿಮಿಷ ಕಾದು ಹೊರಟುಬಿಡಿ. ಮುಂದಿನ ಮನೆಯವರನ್ನು ಕಾಯಿಸುವ ಹಕ್ಕು ಯಾರಿಗೂ ಇಲ್ಲ.

ಜಗಲಿಯ ಮೇಲೆ ಕೂತವರು ‘ಯಾರಮ್ಮ, ಏನಕ್ ಬಂದಿದ್ದೀಯ?’ ಎಂದು ಕೇಳಿಯೇ ಕೇಳುತ್ತಾರೆ. ‘ಪರಿಚಯದವರು, ನೋಡ್ಕೊಂಡು ಹೋಗೋಣ ಅಂತ ಬಂದೆ’ ಎನ್ನುವುದಷ್ಟೇ ಸಾಕು. ಒಳಗಿರುವ ಸೊಸೆಗೆ ಏನು ಕಷ್ಟವಿದೆಯೋ ನಿಮಗೆ ತಿಳಿಯದು. ಅವಳ ಗುಟ್ಟು ಬೀದಿಗೆ ಬಿದ್ದರೆ ಆ ಊರಿನ ಒಬ್ಬ ಹೆಣ್ಣುಮಗಳೂ ಮತ್ತೆ ನಿಮ್ಮನ್ನು ಕರೆಯುವುದಿಲ್ಲ. ಸಿಟ್ಟಿನಲ್ಲಿ ಹೆಸರು, ಫೋಟೊ ಹಾಕಿ ಸ್ಟೇಟಸ್ ಇಡಬೇಡಿ. ಮಾನನಷ್ಟದ ಪ್ರಶ್ನೆ ಏಳುತ್ತದೆ, ಅದಕ್ಕಿಂತ ಹೆಚ್ಚಾಗಿ ಅದು ಸರಿಯಲ್ಲ.

ಸಂಜೆ ಆಕೆಯೇ ಫೋನ್ ಮಾಡಿದರೆ ಬೈಯಬೇಡಿ. ‘ಪರವಾಗಿಲ್ಲ ಅಕ್ಕ. ಮುಂದಿನ ಸಲ ಬಂದುಹೋಗೋ ಖರ್ಚು ಮೊದ್ಲೇ ಹಾಕ್ಬಿಡಿ’ ಎನ್ನಿ. ಎರಡನೇ ಸಲವೂ ತಪ್ಪಿದರೆ ಪೂರ್ತಿ ಹಣ ಮೊದಲು. ಮೂರನೇ ಸಲಕ್ಕೆ ‘ನಮ್ಮನೆಗೇ ಬಂದುಬಿಡಿ’ ಎಂದು ಹೇಳಿ ಮುಗಿಸಿ.

ನೀವು ತಪ್ಪಿಸುವಂತೆಯೂ ಇಲ್ಲ. ಮುಂಗಡ ಹಿಡಿದು ಮದುವೆಗೆ ಹೋಗದಿದ್ದರೆ ಅದು ಸೇವಾ ನ್ಯೂನತೆ, ಗ್ರಾಹಕ ಆಯೋಗಕ್ಕೆ ದೂರು ಹೋಗಬಹುದು. ಮಗುವಿಗೆ ಜ್ವರ, ಗಾಡಿ ಪಂಕ್ಚರ್ ಎಲ್ಲರಿಗೂ ಬರುತ್ತದೆ. ನಾಲ್ಕು ತಾಲ್ಲೂಕಿನ ನಾಲ್ಕಾರು ಬ್ಯೂಟಿಷಿಯನ್‌ಗಳು ಸೇರಿ ಒಂದು ವಾಟ್ಸ್ಆ್ಯಪ್ ಗುಂಪು ಮಾಡಿಕೊಳ್ಳಿ. ಒಬ್ಬರಿಗಾಗದಿದ್ದರೆ ಇನ್ನೊಬ್ಬರು ಹೋಗಲಿ, ಒಬ್ಬರ ದಿನ ಖಾಲಿಯಾದರೆ ಇನ್ನೊಬ್ಬರ ಹೆಚ್ಚುವರಿ ಕೆಲಸ ಅವರಿಗೆ ಬರಲಿ. ಆ ಗುಂಪಿನವರೆಲ್ಲ ಮುಂಗಡ ಕೇಳಲು ಶುರುಮಾಡಿದರೆ ‘ಅವಳು ಕೇಳಲ್ಲ, ನೀನ್ಯಾಕೆ ಕೇಳ್ತೀಯ?’ ಎಂಬ ಮಾತೂ ನಿಲ್ಲುತ್ತದೆ. ಪೈಪೋಟಿಯಲ್ಲಿ ಮುಂಗಡ ಬಿಟ್ಟುಕೊಡುತ್ತ ಬಂದದ್ದರಿಂದಲೇ ಈ ಕೆಲಸ ಇಷ್ಟು ಅಗ್ಗವಾಗಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆಷಾಢದಲ್ಲಿ ಮದುವೆಗಳಿಲ್ಲದೆ ಕೈ ಬಿಡುವಾಗಿರುತ್ತದೆ. ಆ ತಿಂಗಳಲ್ಲೇ ಕೂತು ನಿಮ್ಮ ದರ, ಬಂದುಹೋಗುವ ಖರ್ಚು, ಮುಂಗಡ, ವಾಪಸಿನ ನಿಯಮಗಳನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಫೋಟೊ ತೆಗೆದಿಟ್ಟುಕೊಳ್ಳಿ. ಶ್ರಾವಣದ ಮೊದಲ ಬುಕಿಂಗಿನಿಂದಲೇ ಅದನ್ನು ಎಲ್ಲರಿಗೂ ಕಳಿಸಿ. ಇನ್ನು ಮನೆಯಲ್ಲಿ ಶುಭಕಾರ್ಯ ಇಟ್ಟುಕೊಂಡಿರುವ ಓದುಗರಲ್ಲಿ ಒಂದು ಕೋರಿಕೆ: ಛತ್ರಕ್ಕೆ, ವಾಲಗಕ್ಕೆ ಮುಂಗಡ ಕೊಡುವ ದಿನವೇ ಅಲಂಕಾರದವಳಿಗೂ ಕೊಟ್ಟುಬಿಡಿ. ಕಾರ್ಯ ಮುಂದಕ್ಕೆ ಹೋದರೆ, ಅವಳು ಮನೆ ಬಿಡುವ ಮೊದಲೇ ಒಂದು ಫೋನ್ ಮಾಡಿ.